ನೆಟ್‌ಯಾರ್ಡ್ ಬೀದಿಯ ತೂಕ

ಇಂಗ್ಲೆಂಡಿನ ಕಡಲಂಚಿನ ನಮ್ಮ ಥಾರ್ನ್‌ಹೇವನ್ ಊರಿನಲ್ಲಿ ‘ನಿಮ್ಮ ಮನೆ ಎಲ್ಲಿ?’ ಎಂದು ಕೇಳಿದರೆ ಕೆಲವರು ತಟ್ಟನೆ ಹೇಳುತ್ತಾರೆ, ಕೆಲವರು ಮೊದಲು ಕೆಮ್ಮುತ್ತಾರೆ. ಕೆಮ್ಮುವವರು ನೆಟ್‌ಯಾರ್ಡ್ ಬೀದಿಯವರು. ಮೀನು ಹಿಡಿಯುವ ದೊಡ್ಡ ಹಡಗುಗಳು ನಿಂತುಹೋದ ಮೇಲೆ ಅಲ್ಲಿ ಉಳಿದಿರುವುದು ಊರಿನ ಕೌನ್ಸಿಲ್ ಬಡವರಿಗೆಂದು ಕಟ್ಟಿಸಿದ ಮೂರು ಬಹುಮಹಡಿ ಬ್ಲಾಕುಗಳು, ಕೆಟ್ಟ ಲಿಫ್ಟು ಮತ್ತು ಕಡಲ ಗಾಳಿ. ಪಿಜ್ಜಾ ತರುವವನೂ ಮೇಲೆ ಹತ್ತುವುದಿಲ್ಲ. ಕೆಳಗೆ ನಿಂತು ಫೋನ್ ಮಾಡುತ್ತಾನೆ.

ಲೋರ್ನಾ ಟಾಸ್ಕರ್ ಆ ಬೀದಿಯವಳು, ಮೀನು ಸಂಸ್ಕರಿಸುವ ಕಾರ್ಖಾನೆಯಲ್ಲಿ ಹ್ಯಾಡಕ್ ಮೀನು ಸೀಳುವ ಕೆಲಸ. ಹಿಂದೊಮ್ಮೆ ಹೋಟೆಲಿನಲ್ಲಿ ಕೆಲಸ ಕೇಳಲು ಹೋದಾಗ, ಅವಳ ವಿಳಾಸ ಓದಿದ ಹೆಂಗಸು ಮುಖ ಸಿಂಡರಿಸಿದ್ದನ್ನು ಅವಳು ಮರೆತಿರಲಿಲ್ಲ. ಹಾಗಾಗಿ ಈ ಸೆಪ್ಟೆಂಬರಿನಲ್ಲಿ ಮಗಳು ಶೆಲ್ಬಿಯನ್ನು ಇಟ್ಟಿಗೆ ಕಟ್ಟುವ ಕೆಲಸ ಕಲಿಯಲು ಊರಿನ ಕಾಲೇಜಿಗೆ ಸೇರಿಸುವಾಗ, ಗುಡ್ಡದ ಮೇಲೆ, ಒಳ್ಳೆ ಹೆಸರಿರುವ ಚರ್ಚ್ ಹಿಲ್‌ನಲ್ಲಿರುವ ಅಕ್ಕ ಮ್ಯಾಕ್ಸಿನ್‌ಳ ಮನೆಯ ವಿಳಾಸ ಕೊಟ್ಟಳು. ಯಾರಿಗೆ ಏನು ನಷ್ಟ?

ಒಂದು ಶುಕ್ರವಾರ ಸಂಜೆ ಎದುರುಮನೆಯ ಗ್ಲೆಂಡಾ ಪ್ಯಾಶ್ಲಿ ಲೋರ್ನಾಳ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಲೋರ್ನಾ ಮೀನು ತಂದ ದಿನ ಆಲೂಗಡ್ಡೆ ಗ್ಲೆಂಡಾಳದ್ದು. ಗ್ಲೆಂಡಾ ಅದೇ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಲೆಕ್ಕವನ್ನು ಸರ್ಕಾರಕ್ಕೆ ಕಳಿಸುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ.

“ಶೆಲ್ಬಿ ಇನ್ನೂ ಬಂದಿಲ್ವಾ?” ಗ್ಲೆಂಡಾ ಕೇಳಿದಳು. “ನಾನೂ ಅದೇ ಬಸ್ಸಲ್ಲಿ ಬಂದೆ ಕಣೇ. ಇಲ್ಲಿ ಇಳಿಯೋವಾಗ ಕರೆದೆ. ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂತೇ ಇದ್ಲು.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಶೆಲ್ಬಿ ತೊಯ್ದು ತೊಪ್ಪೆಯಾಗಿದ್ದಳು.

“ಎಲ್ಲಿಗೇ ಹೋಗಿದ್ದೆ?” ಲೋರ್ನಾ ಗದರಿದಳು.

“ಚರ್ಚ್ ಹಿಲ್‌ಗೆ. ನಾನು ಅಲ್ಲಿಯವಳಲ್ವಾ!” ಶೆಲ್ಬಿ ಬೂಟು ಕಳಚಿ ಬಿಸಾಕಿದಳು. “ಕ್ಲಾಸಿನವರೆಲ್ಲ ಬಸ್ಸಲ್ಲಿ ಇರ್ತಾರೆ. ಇಲ್ಲಿ ಇಳಿದ್ರೆ ಗೊತ್ತಾಗಲ್ವಾ? ದಿನಾ ಅಲ್ಲಿ ಇಳಿದು ನಡ್ಕೊಂಡು ಬರ್ತೀನಿ.”

ಲೋರ್ನಾ ಟವೆಲ್ ತಂದು ಮಗಳ ತಲೆ ಒರೆಸತೊಡಗಿದಳು. ಬಾಯಿ ಮಾತ್ರ ಸೋಲಲಿಲ್ಲ. “ನಿನ್ನ ಒಳ್ಳೇದಕ್ಕೇ ಮಾಡಿದ್ದು. ನಾಕು ದಿನ ನಡೆದ್ರೆ ಕಾಲೇನು ಸವೆಯಲ್ಲ.”

ಗ್ಲೆಂಡಾ ಚಾಕು ಕೆಳಗಿಟ್ಟಳು. “ಲೋರ್ನಾ, ಕಾಲೇಜಿಗೆ ಯಾವ ವಿಳಾಸ ಕೊಟ್ಟಿದೀಯ?”

“ಮ್ಯಾಕ್ಸಿನ್‌ದು. ಏನೀಗ? ಪೊಲೀಸ್ ಕರೀತೀಯಾ?”

“ನಾನು ಕಳಿಸೋ ಲೆಕ್ಕ ಸುಳ್ಳಾಯ್ತಲ್ಲೇ, ಅದಕ್ಕೆ ಯಾರನ್ನ ಕರೀಲಿ?” ಗ್ಲೆಂಡಾ ನಕ್ಕಳು. ಆಮೇಲೆ ನಗಲಿಲ್ಲ. “ಗಣಿತದ ಕ್ಲಾಸಲ್ಲಿ ಪಕ್ಕ ಕೂತು ಹೇಳಿಕೊಡ್ತಾನಲ್ಲ ಡೆಸ್ಮಂಡ್, ಮುಂದಿನ ವರ್ಷ ಅವನನ್ನ ಇಟ್ಕೊಳ್ಳೋಕೆ ಹಣ ಸಾಲುತ್ತೋ ಇಲ್ವೋ ಅಂತ ಮಾತು ನಡೀತಿದೆ.”

ಶೆಲ್ಬಿ ಟವೆಲ್ ಸರಿಸಿದಳು. ಶಾಲೆಯಲ್ಲಿ ಅವಳು ಗಣಿತದಲ್ಲಿ ಫೇಲಾಗಿದ್ದಳು. ಕಾಲೇಜಿನಲ್ಲಿ ಅದನ್ನು ಮತ್ತೆ ಓದಲೇಬೇಕು. ಭಿನ್ನರಾಶಿ ಎಂದರೆ ಅರ್ಧ ಇಟ್ಟಿಗೆ, ಕಾಲು ಇಟ್ಟಿಗೆ ಎಂದು ಅವಳಿಗೆ ಮೊದಲ ಸಲ ತೋರಿಸಿಕೊಟ್ಟವನು ಡೆಸ್ಮಂಡ್. “ಆಂಟಿ, ಅವರಿಲ್ದಿದ್ರೆ ನನ್ನ ಕೈಲಿ ಆಗಲ್ಲ. ನಾನು ಬಿಟ್ಟುಬಿಡ್ತೀನಿ.”

“ಅದಕ್ಕೂ ನಮ್ಮ ವಿಳಾಸಕ್ಕೂ ಏನೇ ಸಂಬಂಧ?” ಲೋರ್ನಾ ಕೇಳಿದಳು.

ಗ್ಲೆಂಡಾ ಮೇಜಿನ ಮೇಲೆ ಒಂದು ಆಲೂಗಡ್ಡೆ ಇಟ್ಟಳು. “ನಮ್ಮ ಪ್ರಿನ್ಸಿಪಾಲರು ಲಂಡನ್ನಿಗೆ ಹೋಗಿ ಕೈಚಾಚಿದ್ರೆ ಹಣ ಬರಲ್ಲ. ಅದಕ್ಕೊಂದು ಸೂತ್ರ ಇದೆ. ಒಬ್ಬ ವಿದ್ಯಾರ್ಥಿಗೆ ಒಂದು ಆಲೂಗಡ್ಡೆ ಅಂತಿಟ್ಕೋ. ಬರೀ ಪೆನ್ನು ಪುಸ್ತಕದ ಓದಿಗಿಂತ ಇಟ್ಟಿಗೆ ಮರಳಿನ ಓದಿಗೆ ಖರ್ಚು ಜಾಸ್ತಿ. ಅದಕ್ಕೊಂದು ಚೂರು ಸೇರಿಸ್ತಾರೆ. ಶಾಲೇಲಿ ಗಣಿತವೋ ಇಂಗ್ಲಿಷೋ ಕೈಕೊಟ್ಟಿದ್ರೆ ಇನ್ನೊಂದು ಚೂರು. ಆಮೇಲೆ ಮನೆ ಇರೋ ಬೀದಿಗೂ ಒಂದು ಚೂರು.”

“ಬೀದಿಗಾ? ಕಿವಿಗೆ ಹೂ ಇಡಬೇಡ. ಕೆಟ್ಟ ಲಿಫ್ಟಿಗೆಲ್ಲ ಚೂರು ಕೊಡೋದಾದ್ರೆ ನಮಗೆ ಮೂಟೆನೇ ಬರ್ಬೇಕು!”

“ತಮಾಷೆ ಅಲ್ಲ. ಇಡೀ ಇಂಗ್ಲೆಂಡನ್ನ ಚಿಕ್ಕ ಚಿಕ್ಕ ತುಂಡು ಮಾಡಿ ನೋಡಿದಾರೆ. ಎಲ್ಲಿ ಕೆಲಸ ಕಮ್ಮಿ, ಎಲ್ಲಿ ಸಂಪಾದನೆ ಸಾಲಲ್ಲ, ಎಲ್ಲಿ ಜನ ಬೇಗ ಕಾಯಿಲೆ ಬೀಳ್ತಾರೆ, ಎಲ್ಲಾನೂ. ತೀರಾ ಹಿಂದೆ ಬಿದ್ದ ಕಡೆಯಿಂದ ಮಕ್ಕಳು ಬಂದ್ರೆ ಕಲಿಸೋಕೆ ಹೆಚ್ಚು ಕೈ ಬೇಕು ಅಂತ ಸೂತ್ರದಲ್ಲೇ ಬರೆದಿದೆ. ಅದು ನೋಡೋದು ವಿಳಾಸದ ಕೊನೇಲಿರೋ ಪೋಸ್ಟ್‌ಕೋಡನ್ನ.”

ಲೋರ್ನಾ ಆ ಆಲೂಗಡ್ಡೆಯನ್ನು ಕೈಗೆತ್ತಿಕೊಂಡಳು. “ನಮ್ಮ ಬೀದಿನ ನೋಡಿದಾರಾ?” ಎಂದು ಮೆಲ್ಲಗೆ ಕೇಳಿದಳು. ಕೆಮ್ಮಿ ಮುಚ್ಚಿಕೊಂಡು ಬಂದ ಬೀದಿ ಅದು. ಅವಳು ಕಂಡಿರದ ಯಾರೋ ಅದನ್ನು ತೂಕಕ್ಕೆ ಇಟ್ಟಿದ್ದರು, ಮುಖ ಸಿಂಡರಿಸದೆ.

“ಆ ಹಣ ನಮ್ಮ ಕೈಗೆ ಬರುತ್ತಾ?”

“ಇಲ್ಲ, ಕಾಲೇಜಿಗೆ. ಈ ವರ್ಷದ್ದು ಈ ವರ್ಷವೇ ಬರಲ್ಲ ಕೂಡ. ಸೂತ್ರ ಹಿಂದಕ್ಕೆ ತಿರುಗಿ ನೋಡುತ್ತೆ. ಹಿಂದೆ ಎಷ್ಟು ಮಕ್ಕಳು ಸೇರಿದ್ರು, ಎಷ್ಟು ಜನ ನಡುವೆ ಬಿಡದೆ ಉಳಿದ್ರು, ಎಲ್ಲಿಂದ ಬಂದ್ರು, ಅದನ್ನ ನೋಡಿ ಮುಂದಿನ ಹಣ.”

“ಹಾಗಾದ್ರೆ ಈಗ ಡೆಸ್ಮಂಡ್ ಇರೋದು?” ಶೆಲ್ಬಿ ಕೇಳಿದಳು.

“ನಿನಗಿಂತ ಮುಂಚೆ ಓದಿ ಹೋದವರಿಂದ ಪುಟ್ಟಿ. ನೀನು ಅವರನ್ನ ನೋಡೇ ಇಲ್ಲ.”

ಶೆಲ್ಬಿ ಏನೋ ಹೊಳೆದವಳಂತೆ ಅಮ್ಮನ ಕಡೆ ನೋಡಿದಳು. “ಅಮ್ಮಾ, ದೊಡ್ಡಮ್ಮ ಮೊನ್ನೆ ರೇಗಾಡ್ತಿದ್ರು. ಅವರ ಮನೆಗೆ ಕಾಲೇಜಿನ ಕಾಗದ ನಮ್ಮ ಬೀದಿಯ ನಾಲ್ಕು ಮಕ್ಕಳ ಹೆಸರಿಗೆ ಬರುತ್ತಂತೆ. ಇರೋದು ಎರಡು ರೂಮು!”

“ನಾಲ್ಕಾ?” ಲೋರ್ನಾ ಬಾಯಿಬಿಟ್ಟಳು. “ಅವಳು ಇನ್ನೂ ಮೂವರಿಗೆ ವಿಳಾಸ ಕೊಟ್ಟಿದಾಳಾ?”

ಅವಳು ಎದ್ದು ಕಿಟಕಿಯ ಬಳಿ ಹೋದಳು. ಮೂರು ಬ್ಲಾಕುಗಳಲ್ಲೂ ದೀಪ ಹತ್ತುತ್ತಿತ್ತು. ಪ್ರತಿ ಮಹಡಿಯಲ್ಲೂ ಮಕ್ಕಳ ಗದ್ದಲ. ಆದರೆ ಲೆಕ್ಕದಲ್ಲಿ ಅವರು ಒಬ್ಬೊಬ್ಬರಾಗಿ ಗುಡ್ಡ ಹತ್ತಿ ಚರ್ಚ್ ಹಿಲ್‌ಗೆ ಹೋಗಿದ್ದರು. ಇಷ್ಟು ಜನ ತುಂಬಿದ ಬೀದಿ ಅಲ್ಲಿ ಖಾಲಿಯಾಗುತ್ತ ಬಂದಿತ್ತು.

“ನಿಜವಾದ ವಿಳಾಸ ಕೊಟ್ರೆ, ನೆಟ್‌ಯಾರ್ಡಿನವಳು ಅಂತ ಇವಳನ್ನ ಬೇರೆ ಕೂರ್ಸಿದ್ರೆ?” ಎಂದಳು. ದನಿಯಲ್ಲಿ ಜಗಳ ಉಳಿದಿರಲಿಲ್ಲ.

“ಕ್ಲಾಸಲ್ಲಿ ಯಾರೂ ಅದನ್ನ ಕೂಗಿ ಹೇಳಲ್ಲ. ಎಲ್ಲರದ್ದೂ ಕೂಡಿ ಕಾಲೇಜಿಗೆ ಒಂದು ಅಂಕಿ ಆಗುತ್ತೆ, ಅಷ್ಟೆ. ನೀನೊಬ್ಬಳು ತಿದ್ದಿದ್ರೆ ಡೆಸ್ಮಂಡ್ ಉಳೀತಾನೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಎಲ್ಲರೂ ಬಚ್ಚಿಟ್ಟುಕೊಂಡ್ರೆ ಉಳಿಯಲ್ಲ ಅನ್ನೋದು ಗೊತ್ತು.”

ಸೋಮವಾರ ಲೋರ್ನಾ ವಿಳಾಸಕ್ಕೆ ಸಾಕ್ಷಿಯಾಗಿ ಕೌನ್ಸಿಲಿನಿಂದ ಬಂದ ಒಂದು ಪತ್ರ ಹಿಡಿದು ಕಾಲೇಜಿಗೆ ಹೋದಳು. ಕೌಂಟರಿನ ಮುಂದೆ ಕೆಮ್ಮು ಬಂತು. ನುಂಗಿಕೊಂಡಳು. “ನೆಟ್‌ಯಾರ್ಡ್ ಬೀದಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಕೌಂಟರಿನ ಹುಡುಗಿ ತಲೆ ಎತ್ತದೆ ಟೈಪ್ ಮಾಡಿ “ಆಯ್ತು” ಎಂದಳು.

ಹೊರಗೆ ಬಂದರೆ ಎದುರಿಗೇ ಇಟ್ಟಿಗೆ ಕೆಲಸದ ಶೆಡ್ಡು. ಶೆಲ್ಬಿ ತಾನು ಕಟ್ಟಿದ ಗೋಡೆ ತೋರಿಸಿದಳು. ಸೊಂಟದೆತ್ತರ, ನೂಲು ಹಿಡಿದಂತೆ ನೇರ.

“ಎಷ್ಟು ಚೆನ್ನಾಗಿದೆಯಲ್ಲೇ! ಇದನ್ನ ಎಲ್ಲಿ ಇಡ್ತಾರೆ?”

“ಇಡಲ್ಲಮ್ಮ, ಶುಕ್ರವಾರ ನಾವೇ ಕೆಡವ್ತೀವಿ. ಇದರಲ್ಲಿ ಸಿಮೆಂಟ್ ಇಲ್ಲ, ಬರೀ ಸುಣ್ಣ ಮರಳು, ಅಷ್ಟು ಬೇಗ ಗಟ್ಟಿ ಆಗಲ್ಲ. ಇಟ್ಟಿಗೆ ಕೆರೆದು ಜೋಡಿಸಿಟ್ರೆ ಮುಂದಿನವರಿಗೆ.”

ಲೋರ್ನಾ ಪಕ್ಕದ ರಾಶಿಯಿಂದ ಒಂದು ಇಟ್ಟಿಗೆ ಎತ್ತಿಕೊಂಡಳು. ಅದರ ಅಂಚು ಮೂಲೆಗಳೆಲ್ಲ ಸವೆದು ದುಂಡಗಾಗಿದ್ದವು. ಎಷ್ಟು ವರ್ಷದ, ಯಾರ ಯಾರ ಮಕ್ಕಳ ಕೈಯೋ! ಅದನ್ನು ಹಸುಳೆಯನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಳು. ಆಮೇಲೆ ಇದ್ದ ಜಾಗದಲ್ಲೇ ಮೆಲ್ಲಗೆ ಇಟ್ಟಳು.

ತಂದೆ ತಾಯಂದಿರೇ, ಮಗುವನ್ನು ಕಾಲೇಜಿಗೆ ಸೇರಿಸುವಾಗ ನೀವು ನಿಜವಾಗಿ ಇರುವ ಮನೆಯ ವಿಳಾಸವನ್ನೇ ಕೊಡಿ. ಈಗಾಗಲೇ ಬೇರೆ ಕೊಟ್ಟಿದ್ದರೆ ಹೋಗಿ ತಿದ್ದಿಸಿ. ಯಾರೂ ಗದರುವುದಿಲ್ಲ. ಓದು ಕಷ್ಟವಾದರೆ ಸುಮ್ಮನೆ ಬಿಟ್ಟುಹೋಗಲು ಬಿಡಬೇಡಿ, ಮೊದಲು ಕಾಲೇಜಿನವರ ಹತ್ತಿರ ಮಾತಾಡಿ. ನಿಮ್ಮ ಮಗು ಇಂದು ಕೂತ ಬೆಂಚನ್ನು ಯಾರೋ ಹಾಕಿಕೊಟ್ಟು ಹೋಗಿದ್ದಾರೆ. ನಾಳೆ ಬರುವ ಮಗುವಿಗೆ ಅದನ್ನು ಹಾಕಿಕೊಡಬೇಕಾದವರು ನೀವು.