ಎತೆಲ್ಕ ಕೇಳಿದ ಒಂದು ನಿಮಿಷ

ಪರದೆಯ ಮೇಲೆ ಬೊರೋಕ ಹತ್ತನೆಯ ಹರ್ಡಲ್ ದಾಟಿ, ಎದೆ ಮುಂದಕ್ಕೆ ಚಾಚಿ ಗೆರೆ ಮುಟ್ಟಿದಳು. ಸಮಯದ ಫಲಕದತ್ತ ತಿರುಗಿ ನಕ್ಕಳು. ಸೆಗೆಡ್ ಊರಿನ ಕ್ರೀಡಾ ಕ್ಲಬ್ಬಿನ ಸಭಾಂಗಣದಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿದ್ದ ಬೊರೋಕ ಮಾತ್ರ ತಲೆ ತಗ್ಗಿಸಿ ತನ್ನ ಮೊಣಕಾಲು ನೋಡಿಕೊಳ್ಳುತ್ತಿದ್ದಳು. ಅದು ಓಟ ಬಿಡುತ್ತಿದ್ದ ಅವಳ ಬೀಳ್ಕೊಡುಗೆ ಸಮಾರಂಭ.

ಒಂಬತ್ತು ವರ್ಷದ ಹಿಂದಿನ ಆ ನಗುವನ್ನು ಹಂಗೆರಿಯಲ್ಲಿ ನೋಡದವರಿಲ್ಲ. ಮೊಸರಿನ ಡಬ್ಬಿಯ ಮೇಲೆ, ಟ್ರಾಮ್ ನಿಲ್ದಾಣಗಳಲ್ಲಿ ಅದೇ ಮುಖ. ಅಂಗಡಿಗೆ ಹೋದರೂ ಜನ ಹಾಗೇ ಒಮ್ಮೆ ನಗು ಎನ್ನುತ್ತಿದ್ದರು, ಅವಳು ನಗುತ್ತಿದ್ದಳು. ಅವಳು ಹಾಗೆ ನಕ್ಕ ದಿನ ಬೆಳಗಿನ ಜಾವವೇ ತಾಯಿ ಎತೆಲ್ಕ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಸಣ್ಣ ಶಸ್ತ್ರಚಿಕಿತ್ಸೆ ಎಂದಷ್ಟೇ ಮಗಳಿಗೆ ತಿಳಿದಿತ್ತು. ಪರದೇಶದ ಆ ಕ್ರೀಡಾಂಗಣದಲ್ಲಿ ಕಂಚಿನ ಪದಕ ಕೊರಳಿಗೆ ಬಿದ್ದ ಮೇಲೆಯೇ ಕೋಚ್ ಓಡೊನ್ ಮಾಮ ಅವಳನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ್ದು. ಏನಾದರೂ ಆದರೆ ಓಟ ಮುಗಿಯುವ ತನಕ ಹೇಳಬೇಡಿ ಎಂದು ನಿಮ್ಮಮ್ಮನೇ ನನ್ನಿಂದ ಮಾತು ತೆಗೆದುಕೊಂಡಿದ್ದಳು ಎಂದಿದ್ದರು. ಅಮ್ಮನ ಆಸೆ ಅದಾಗಿತ್ತಲ್ಲ ಎಂದುಕೊಂಡೇ ಬೊರೋಕ ಇಷ್ಟು ವರ್ಷ ತನ್ನ ಆ ನಗುಮುಖವನ್ನು ತಾನು ಸಹಿಸಿಕೊಂಡಿದ್ದಳು. ಮಾಮನ ಕೈಕೆಳಗೇ ಓಡಿದಳು.

ಸಮಾರಂಭ ಮುಗಿದು ಜನ ಮೀನಿನ ಸಾರಿನ ಊಟಕ್ಕೆ ನಡೆದರು. ಕೋಟು ಇಟ್ಟಿದ್ದ ಕೋಣೆಯಲ್ಲಿ ಮಾಮ ಒಬ್ಬರೇ ಕಾದಿದ್ದರು. ಎಪ್ಪತ್ತನಾಲ್ಕು ವರ್ಷ, ಬೆರಳುಗಳು ಸೆಟೆದು ಗುಂಡಿ ಹಾಕಲೂ ಬಗ್ಗುತ್ತಿರಲಿಲ್ಲ.

"ನಿಮ್ಮಮ್ಮ ಹಾಗೆ ಮಾತು ತಗೊಂಡಿರ್ಲಿಲ್ಲ ಮಗಳೇ," ಎಂದರು.

ಬೊರೋಕಳಿಗೆ ಅರ್ಥವಾಗಲಿಲ್ಲ.

"ಓಟದ ಹಿಂದಿನ ದಿನ ಸಂಜೆ ನನ್ನ ಫೋನಿಗೆ ಮಾಡಿದ್ಲು. ನಿನ್ನ ಫೋನ್ ನಾನೇ ಇಸ್ಕೊಂಡಿದ್ನಲ್ಲ. ಒಂದೇ ಒಂದು ನಿಮಿಷ ಕೊಡಿ, ಅವಳ ದನಿ ಕೇಳಿ ಇಟ್ಬಿಡ್ತೀನಿ ಅಂದ್ಲು. ನಾಳೆ ಓಟ ಆದ್ಮೇಲೆ ಮಾತಾಡು ಅಂದೆ."

"ಆಗ ನಾನೆಲ್ಲಿದ್ದೆ?"

"ಪಕ್ಕದ ಮೇಜಲ್ಲಿ. ನೀನು ಊಟ ಮಾಡ್ತಿದ್ದೆ."

ಆ ಸಂಜೆ ಏನು ತಿಂದಿದ್ದೆ, ಯಾರ ಜೊತೆ ಹರಟಿದ್ದೆ ಎಂದು ಬೊರೋಕ ನೆನಪಿಸಿಕೊಳ್ಳಲು ನೋಡಿದಳು. ಏನೂ ನೆನಪಾಗಲಿಲ್ಲ.

"ಇದನ್ನ ಇವತ್ತು ಯಾಕೆ ಹೇಳಿದ್ರಿ ಮಾಮ?"

"ಇನ್ನು ನೀನು ಓಡಲ್ವಲ್ಲ."

ಅವರು ಗೂಟದಿಂದ ಕೋಟು ತೆಗೆದರು. ತೋಳಿನೊಳಗೆ ಕೈ ತೂರಲಿಲ್ಲ. ವರ್ಷಗಳ ರೂಢಿಯಂತೆ ಬೊರೋಕ ಮುಂದೆ ಬಂದು ಕೋಟು ಹಿಡಿದಳು, ತೋಳು ತೊಡಿಸಿದಳು, ಕೆಳಗಿನಿಂದ ಗುಂಡಿ ಹಾಕತೊಡಗಿದಳು. ಒಂದು, ಎರಡು. ಮೂರನೆಯದಕ್ಕೆ ಬಂದಾಗ ಅವಳ ಕೈ ನಿಂತಿತು. ಗುಂಡಿಯನ್ನು ಬಿಟ್ಟು, ಬಾಗಿಲು ತೆರೆದು ಹೊರಗೆ ನಡೆದಳು.

ಮಾಮ ಉಳಿದ ಗುಂಡಿಗಳಿಗಾಗಿ ಗದ್ದ ಮೇಲೆತ್ತಿ, ಎರಡೂ ಕೈಗಳನ್ನು ಮೈಯಿಂದ ತುಸು ದೂರ ಹಿಡಿದುಕೊಂಡು ಹಾಗೇ ನಿಂತಿದ್ದರು.