ಬೇಳೆಯೊಳಗಿನ ಗುಳಿಗೆ

ಮೂರು ದಿನದಿಂದ ನನ್ನ ತಮ್ಮ ಗುರುಬಸವ ಅನ್ನ ಮುಟ್ಟಿರಲಿಲ್ಲ. ಊಟದಲ್ಲಿ ಏನೋ ಬೆರೆಸಿದ್ದಾರೆಂದು ಅವನಿಗಷ್ಟೇ ಕೇಳುವ ದನಿಯೊಂದು ಹೇಳುತ್ತಿತ್ತು. ಸಂಜೆಯೊಳಗೆ ಉಣ್ಣದಿದ್ದರೆ ಆಸ್ಪತ್ರೆಗೆ ಸೇರಿಸುವುದೆಂದು ನನ್ನ ಗಂಡ ಹೇಳಿ ಕೆಲಸಕ್ಕೆ ಹೋಗಿದ್ದರು. ಹೋದ ಸಲ ಅಲ್ಲಿ ಅವನ ಕೈಕಾಲು ಕಟ್ಟಿಹಾಕಿದ್ದರು. ಮತ್ತೆ ಅಲ್ಲಿಗೆ ಕಳಿಸಲು ನನಗೆ ಮನಸ್ಸಿರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮುಂಬಯಿಯ ಕಾಂದಿವಲಿಯ ನಮ್ಮ ಚಾಳಿನಲ್ಲಿ ನೀರಿನ ಸರದಿಯಲ್ಲಿ ನನ್ನ ಮುಂದೆ ನುಗ್ಗುವ ಧೈರ್ಯ ಯಾರಿಗೂ ಇಲ್ಲ. "ಯಾವ ದನಿನೂ ಇಲ್ಲ, ಸುಮ್ನ ಉಣ್ಣೋ!" ಎಂದು ಇವನ ಮೇಲೂ ಕೂಗಾಡಿದ್ದೆ.

ನಾನು ಹೇಳಿಕಳಿಸಿದ್ದಕ್ಕೆ ಮಧ್ಯಾಹ್ನ ಶುಭಾಂಗಿ ಬಂದಳು. ಬೆಳಗಾವಿಯ ಹುಡುಗಿ. ಅವಳೂ ಒಂದು ಕಾಲಕ್ಕೆ ಇಂಥ ದನಿ ಕೇಳಿದವಳೇ. ಈಗ ಚೆಂಬೂರಿನಲ್ಲಿ ಅಂಥವರನ್ನು ಕೂಡಿಸಿ ಮಾತಾಡಿಸುತ್ತಾಳೆ. ಬಂದವಳೇ ಚಾಪೆಯ ಮೇಲೆ ಅವನ ಪಕ್ಕ ಕೂತಳು.

"ಅದು ಏನಂತ ಹೇಳ್ತದ, ಗುರು?"

"ಬ್ಯಾಳ್ಯಾಗ ಹಾಕ್ಯಾರ, ಅಕ್ಕನ ಹಾಕ್ಯಾಳ ಅಂತದ."

"ಕೇಳಿ ನಿನಗ ಹೆಂಗ ಅನಸ್ತದ?"

"ಅಂಜಿಕಿ ಬರ್ತದ. ಅಕ್ಕನ್ನ ಬಿಟ್ರ ನನಗ ಯಾರದಾರ?"

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಸೆರಗಿನ ಗಂಟಿಗೆ ಹೋಯಿತು. ಡಾಕ್ಟರು ಅವನಿಗೆ ಕೊಟ್ಟ ಗುಳಿಗೆಗಳಲ್ಲಿ ಉಳಿದವು ಅಲ್ಲೇ ಇದ್ದವು. ಊರಲ್ಲಿ ಅವ್ವ ಅವನಿಗೆ ಗೊತ್ತಾಗದಂತೆ ಮಠದ ಭಸ್ಮವನ್ನು ಸಾರಿಗೆ ಕಲಸುತ್ತಿದ್ದಳು. ನಾನು ಮುಂಬಯಿಯವಳು, ಅವ್ವನಿಗಿಂತ ಶಾಣ್ಯಾಕಿ. ಭಸ್ಮದ ಬದಲು ಗುಳಿಗೆ ಅರೆದು ಬೇಳೆಗೆ ಹಾಕಿದ್ದೆ.

"ಗುರೂ, ಅದು ಖರೇನ ಹೇಳೇದ," ಎಂದೆ. ಗಂಟು ಬಿಚ್ಚಿ ಗುಳಿಗೆಗಳನ್ನು ಅವನ ಮುಂದಿಟ್ಟೆ. "ನೀ ಗುಳಿಗಿ ಒಲ್ಲೆ ಅಂದಿ. ನಾನ ಅರದು ಹಾಕೀನಿ. ತಪ್ಪಾತೋ ತಮ್ಮಾ."

ಮುಂದಿದ್ದ ತಟ್ಟೆ ಎಸೆಯುತ್ತಾನೆ ಎಂದುಕೊಂಡೆ. ಅವನು ಅತ್ತುಬಿಟ್ಟ. ಕಣ್ಣೊರೆಸಿಕೊಂಡು, "ಗುಳಿಗಿ ತಗೊಂಡ್ರ ಕೈ ನಡಗ್ತಾವ ಅಕ್ಕಾ. ಅದಕ್ಕ ಒಲ್ಲೆ ಅಂದಿದ್ದೆ," ಎಂದ. ಒಲ್ಲೆ ಅಂದ ದಿನ ಯಾಕೆಂದು ನಾನು ಕೇಳಿರಲೇ ಇಲ್ಲ.

"ಇದನ್ನ ಡಾಕ್ಟರಿಗೆ ನೀನ ಹೇಳು. ನಾ ಜೋಡಿಗೆ ಬರ್ತೀನಿ," ಎಂದಳು ಶುಭಾಂಗಿ. ಅವನು ಹೂಂ ಎಂದು ತಲೆಯಾಡಿಸಿದ.

ಅವನ ಕಣ್ಣೆದುರೇ ಹೊಸದಾಗಿ ಬೇಳೆ ಕುದಿಸಿ, ರೊಟ್ಟಿ ಬಡಿದೆ.

"ಈಗೇನಂತದ?" ಎಂದು ಕೇಳಿದೆ.

"ಅಕ್ಕ ಮೊದಲ ಉಣ್ಣಲಿ ಅಂತದ."

ಸಿಟ್ಟು ಬರಲಿಲ್ಲ. ಅವನ ತಟ್ಟೆಯಿಂದಲೇ ಒಂದು ತುತ್ತು ಉಂಡೆ. ಅವನು ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾದ. ಆಮೇಲೆ ತಟ್ಟೆಯನ್ನು ಎಳೆದುಕೊಂಡು, ರೊಟ್ಟಿ ಮುರಿದು ಬಾಯಿಗಿಟ್ಟ.

"ಉಪ್ಪು ಕಮ್ಮಿ ಆಗೇದ," ಎಂದ.

ನಾನು ಹಾಕಲಿಲ್ಲ. ಉಪ್ಪಿನ ಡಬ್ಬಿಯನ್ನು ಅವನ ಕೈಗೇ ಕೊಟ್ಟೆ.