ಬೆಚ್ಚಗಿನ ಕಡಲು, ಅಕ್ಕನ ಹಿಮ್ಮಡಿ

ರಬ್ಬರ್ ಬೂಟು ತೊಟ್ಟು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಅವಳು ಸೀಸೆಯನ್ನು ಬಾಯಿ ಕೆಳಗೆ ಮಾಡಿ ಮುಳುಗಿಸಿ, ನೀರಿನೊಳಗೇ ಮಗುಚಿ, ತುಂಬಿದ ಮೇಲೆ ಮುಚ್ಚಳ ಬಿಗಿದಳು. ಥರ್ಮಾಮೀಟರು ಇಳಿಬಿಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಬೂಟಿನ ಮೂಲಕವೂ ಕಡಲು ಸ್ನಾನಕ್ಕೆ ಹದ ಮಾಡಿಟ್ಟ ನೀರಿನಂತೆ ಬೆಚ್ಚಗೆ ತಾಕುತ್ತಿತ್ತು. ಉಪ್ಪು ಅಳೆಯುವ ಯಂತ್ರದ ಮುಳ್ಳು ಅರ್ಧಕ್ಕೇ ನಿಂತಿತು. ಬಿಡದೆ ಸುರಿದ ಮಳೆಗೆ ನದಿ ಕೆಂಪಗೆ ಉಕ್ಕಿ ಬಂದು ಕಡಲನ್ನೇ ಸಪ್ಪೆ ಮಾಡಿಬಿಟ್ಟಿತ್ತು.

ಊರಿನ ಕಡಲತೀರದಲ್ಲಿ ಬೆಳಗ್ಗೆ ನೀರು ನೋಡಿ ಬಾವುಟ ಏರಿಸುವುದು ಅವಳ ಕೆಲಸ. ಅವಳು ಹುಡುಕುವ ಕ್ರಿಮಿಗೆ ಚಳಿಯೂ ಆಗದು, ಕಡುವಾದ ಉಪ್ಪೂ ಆಗದು. ನೀರು ಹೀಗೆ ಬೆಚ್ಚಗೆ, ಅರೆ ಉಪ್ಪಾಗಿ ಸಿಕ್ಕಿತೋ, ತವರಿಗೆ ಬಂದ ಮಗಳ ಹಾಗೆ ಮೈತುಂಬಿಕೊಳ್ಳುತ್ತದೆ. ಗಟ್ಟಿ ಚರ್ಮದವರನ್ನು ಅದು ಮುಟ್ಟುವುದು ಅಪರೂಪ. ಒಂದು ಬಿರುಕು ಸಿಕ್ಕರೆ ಮಾತ್ರ ಬಿಡುವುದಿಲ್ಲ. ಹೋದ ಬೇಸಿಗೆಯಲ್ಲಿ ಬಲೆ ಹೆಣೆಯುವವನ ಕಾಲಿಗೆ ಮೀನಿನ ಮುಳ್ಳು ಗೀರಿತ್ತು. ಮಾರನೆಯ ದಿನ ಕಾಲಿನ ತುಂಬ ಕಪ್ಪು ಬೊಬ್ಬೆ. ಕಾಲು ಕತ್ತರಿಸಿದರು, ಆದರೂ ಉಳಿಯಲಿಲ್ಲ.

"ಏನೇ, ಕಡಲಿಗೆ ಜ್ವರ ನೋಡಿ ಮುಗೀತಾ? ಔಷಧಿ ಬರೆದುಕೊಟ್ಟೆಯಾ?"

ದಡದ ಬೆಂಚಿನಲ್ಲಿ ಕೂತು ಅಕ್ಕ ಕೂಗಿದಳು. ಪಕ್ಕದಲ್ಲಿ ಕುರ್ಚಿ ಬಾಡಿಗೆಗೆ ಕೊಡುವ ಹೆಂಗಸು ಕಿಸಕ್ಕನೆ ನಕ್ಕಳು. ಅಕ್ಕ ಆಗಲೇ ಬಲಗಾಲಿನ ಪಟ್ಟಿ ಬಿಚ್ಚತೊಡಗಿದ್ದಳು. ಸಕ್ಕರೆ ಕಾಯಿಲೆಯವಳು; ಹಿಮ್ಮಡಿಯ ಹುಣ್ಣು ಬಾಯಿ ಮುಚ್ಚುತ್ತಲೇ ಇರಲಿಲ್ಲ. ಚಳಿಗಾಲದಲ್ಲೊಮ್ಮೆ ಕಡಲ ನೀರಿಗೆ ಬೆರಳಿನ ಗಾಯ ಒಣಗಿದ್ದೇ ನೆಪವಾಗಿ, ಅಂದಿನಿಂದ ಕಡಲೇ ಅವಳ ವೈದ್ಯ. ದಿನವೂ ತಂಗಿಯ ಜೊತೆ ಬಂದು ಕಾಲು ಅದ್ದಲೇಬೇಕು.

ಅಕ್ಕನನ್ನು ತಡೆಯುವ ಉಪಾಯ ತಂಗಿಗೆ ಕರಗತವಾಗಿತ್ತು. ತಂಗಿ ಎಡ ಎಂದರೆ ಅಕ್ಕನಿಗೆ ಬಲವೇ ಆಗಬೇಕು. ಛತ್ರಿ ತಗೋ ಎಂದರೆ ನೆನೆದುಕೊಂಡು ಬರುವವಳು, ಡಾಕ್ಟರು ಯಾಕೆ ದಂಡಕ್ಕೆ ಎಂದ ದಿನ ತಾನೇ ಓಡಿಹೋಗಿ ತೋರಿಸಿಕೊಂಡಿದ್ದಳು. ಹಾಗಾಗಿ ನೀರು ಕೆಟ್ಟ ದಿನಗಳಲ್ಲಿ ತಂಗಿ, "ಬಾ ಅಕ್ಕಾ, ಇಳಿ, ಎಷ್ಟು ಹಾಯಾಗಿದೆ ಗೊತ್ತಾ!" ಎಂದು ಕರೆಯುತ್ತಿದ್ದಳು. "ನನ್ನನ್ನ ಮುಳುಗಿಸೋಕೆ ನಿನಗೆಷ್ಟು ಆತುರವೇ!" ಎನ್ನುತ್ತ ಅಕ್ಕ ಪಟ್ಟಿಯನ್ನು ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಹೀಗೆ ಎಷ್ಟು ಸಲ ಅಕ್ಕನ ಜೀವ ಉಳಿಸಿದ್ದಳೋ, ಲೆಕ್ಕವಿಟ್ಟವರಿಲ್ಲ.

ಅವಳು ದಡಕ್ಕೆ ಬಂದು ಸೀಸೆಯನ್ನು ಪೆಟ್ಟಿಗೆಯಲ್ಲಿಟ್ಟಳು.

"ದೋಣಿಯವನು ಇವತ್ತು ನಿನ್ನ ಕಡೆ ತಿರುಗಿಯೂ ನೋಡಲಿಲ್ಲ, ಗಮನಿಸಿದೆಯಾ?" ಅಕ್ಕ ಕೇಳಿದಳು.

ಗಮನಿಸಿದ್ದಳು. ಹೆಂಡತಿ ಸತ್ತ ಮೇಲೆ ಒಂಟಿಯಾಗಿದ್ದ ಆ ಮನುಷ್ಯ, ನೀರು ನೋಡಿ ಬರುವವಳಿಗೆ ಬಿಸಿ ಚಹಾ ತಂದಿಟ್ಟು ಮಾತಾಡದೆ ನಿಲ್ಲುತ್ತಿದ್ದ. ಹೋದ ವಾರ ಮಾತಾಡಿದ್ದ. ಮನೆಗೆ ಬಂದು ಅಕ್ಕನನ್ನು ಕೇಳುತ್ತೇನೆ ಎಂದಿದ್ದ. ನಲವತ್ತು ದಾಟಿದ ಹೆಣ್ಣು ಅಂದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

"ನಿನ್ನೆ ಬಂದಿದ್ದ. ನಿನಗೆ ಮೂರ್ಛೆ ಬರುತ್ತೆ ಅಂದೆ. ಪಾಪ, ಮುಖ ಇಷ್ಟೇ ಇಷ್ಟಾಯ್ತು."

"ನನಗೆಲ್ಲಿ ಮೂರ್ಛೆ, ಅಕ್ಕಾ?"

"ಚಿಕ್ಕವಳಿದ್ದಾಗ ಒಂದು ಸಲ ಬಿದ್ದಿದ್ದೆಯಲ್ಲ. ನಾನೇನು ಸುಳ್ಳು ಹೇಳಿದ್ನಾ?"

"ಅದು ಜ್ವರ ತಲೆಗೇರಿ."

"ಯಾವುದೋ ಒಂದು. ನೀನು ದೋಣಿ ಹತ್ತಿ ಹೋದರೆ ನನ್ನ ಕಾಲು ಯಾರೇ ತೊಳೀತಾರೆ? ಈ ವಯಸ್ಸಲ್ಲಿ ಮದುಮಗಳಾಗ್ತಾಳಂತೆ! ಅವನಿಗೂ ಅಡುಗೆಯವಳು ಬೇಕಿತ್ತು, ಅಷ್ಟೇ." ಅಕ್ಕ ಕುರ್ಚಿಯವಳತ್ತ ಕಣ್ಣು ಹೊಡೆದಳು. ಅವಳು ಈ ಸಲ ನಗಲಿಲ್ಲ. ಕುರ್ಚಿಗಳನ್ನು ಜೋಡಿಸುತ್ತ ದೂರ ಹೋದಳು.

ತಂಗಿ ಕಂಬದ ಬಳಿ ಹೋಗಿ ಕೆಂಪು ಬಾವುಟ ಏರಿಸಿದಳು. ಊರಿನವರಿಗೆ ಅದು ಸಾಕು, ಯಾರೂ ಇಳಿಯುವುದಿಲ್ಲ.

"ನಿನ್ನ ಬಾವುಟ ಕಾಗೆ ಓಡಿಸೋಕೆ ಸರಿ," ಹಿಂದಿನಿಂದ ಅಕ್ಕನ ದನಿ. "ಆ ಬಲೆಯವನು ಕುಡಿದು ಸತ್ತ, ಇವಳು ಕಡಲಿನ ಮೇಲೆ ದೂರು ಹಾಕಿದಳು. ಈಗ ಹೇಳು, ಇಳೀಲೋ ಬೇಡವೋ?"

ಅಕ್ಕ ಪಟ್ಟಿಯ ಕೊನೆಯ ಸುತ್ತು ಬಿಚ್ಚಿದ್ದಳು. ಹಿಮ್ಮಡಿಯ ಹುಣ್ಣು ಒದ್ದೆಯಾಗಿ, ಬಾಯಿ ತೆರೆದುಕೊಂಡಿತ್ತು.

"ಇಳಿ ಅಕ್ಕಾ, ಹಾಯಾಗಿದೆ" ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು. ಅದೊಂದನ್ನು ಅಂದುಬಿಟ್ಟರೆ ಅಕ್ಕ ಬೆಂಚು ಬಿಟ್ಟು ಏಳುವುದಿಲ್ಲ. ಅವಳು ಆ ಮಾತನ್ನು ನುಂಗಿದಳು. ಇಷ್ಟು ವರ್ಷ ಅಕ್ಕನನ್ನು ಕಾಪಾಡಲು ಸುಳ್ಳಾಡಿದ್ದು ಸಾಕು. ಇವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ನೀರು ಕೆಟ್ಟಿದೆ, ಗಾಯದ ಕಾಲು ಇಡಬೇಡ, ಜೀವಕ್ಕೇ ಬರುತ್ತೆ ಎಂದು ಕೈಹಿಡಿದು ಬೇಡಿಕೊಳ್ಳುತ್ತಾಳೆ. ಎಷ್ಟು ಬೇಡಿಕೊಂಡರೆ ಅಕ್ಕ ಅಷ್ಟು ಆಳಕ್ಕೆ ಇಳಿಯುತ್ತಾಳೆಂಬುದು ಈ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತು.

"ಬಾಯಲ್ಲೇನು ಅವಲಕ್ಕಿ ತುಂಬಿಕೊಂಡಿದ್ದೀಯಾ? ಹೇಳೇ!"

"ಬಂದೆ ಅಕ್ಕಾ," ಎಂದಳು ಮೆತ್ತಗೆ. ಕುರ್ಚಿಯವಳು ಮಾತು ಕೇಳಿಸುವಷ್ಟು ಹತ್ತಿರಕ್ಕೆ ಮರಳಲಿ ಎಂದು, ಬೂಟು ಕಳಚಿ ಒಳಗಿನ ಮರಳನ್ನು ನಿಧಾನವಾಗಿ ಕೊಡವುತ್ತ ನಿಂತಳು.